ವಿದ್ಯಾವಿನಿಮಯದ ಮುಯ್ಯಿ: ಬ್ಲೂಮಿಂಗ್ಟನ್ ಮತ್ತು ಕನ್ನಡ ಜಾನಪದ

ಮದುವೆಯ ಚಪ್ಪರದಲ್ಲಿ ಮುಯ್ಯಿ ಬರೆಯುವ ಪದ್ಧತಿ ಕನ್ನಡ ನಾಡಿನ ಹಳ್ಳಿಗಳಿಗೆ ಹೊಸದಲ್ಲ. ಯಾರು ಎಷ್ಟು ಕೊಟ್ಟರೆಂಬುದನ್ನು ಒಬ್ಬರು ಪುಸ್ತಕದಲ್ಲಿ ದಾಖಲಿಸುತ್ತಾರೆ. ಕೊಟ್ಟವರ ಮನೆಯಲ್ಲಿ ಶುಭಕಾರ್ಯ ಬಂದಾಗ ಆ ಪುಸ್ತಕವನ್ನು ತೆರೆದು ನೋಡಿ, ಪಡೆದುದಕ್ಕೆ ಒಂದಿಷ್ಟು ಕೂಡಿಸಿ ಹಿಂದಿರುಗಿಸುತ್ತಾರೆ. ಹೀಗೆ ಕೊಡುವುದೂ ಕೊಳ್ಳುವುದೂ ಎರಡು ಮನೆಗಳ ನಡುವಣ ಸಂಬಂಧವನ್ನು ಜೀವಂತವಾಗಿಡುತ್ತವೆ. ಅದೇ ಮಾತು ಸೇಡಿಗೂ ಸಲ್ಲುತ್ತದೆಂಬುದು ಕನ್ನಡದ ವೈಶಿಷ್ಟ್ಯ: ಉಪಕಾರವನ್ನೂ ಹಗೆಯನ್ನೂ ನಾವು ‘ಮುಯ್ಯಿ’ಯಿಂದಲೇ ತೀರಿಸುತ್ತೇವೆ. ಎರಡನೆಯ ಮಹಾಯುದ್ಧದ ಅನಂತರ ದೇಶದೇಶಗಳ ವಿಶ್ವವಿದ್ಯಾಲಯಗಳ ನಡುವೆ ಆರಂಭಗೊಂಡ ವಿದ್ಯಾರ್ಥಿ ವಿನಿಮಯವನ್ನು ಚರಿತ್ರೆಕಾರರು ಸಾಮಾನ್ಯವಾಗಿ ರಾಜತಂತ್ರದ ಪರಿಭಾಷೆಯಲ್ಲಿ ವಿವರಿಸುತ್ತಾರೆ. ಕನ್ನಡ ಜಾನಪದ ಅಧ್ಯಯನದ ಮಟ್ಟಿಗೆ ಮಾತ್ರ ಅದನ್ನು ಮುಯ್ಯಿಯ ಲೆಕ್ಕವಾಗಿ ಓದುವುದು ಹೆಚ್ಚು ಫಲಕಾರಿ.

1946ರ ಆಗಸ್ಟ್ 1ರಂದು ಅಮೆರಿಕದ ಅಧ್ಯಕ್ಷ ಟ್ರೂಮನ್ ಅಂಕಿತ ಹಾಕಿದ ಫುಲ್‌ಬ್ರೈಟ್ ಕಾಯಿದೆಯ ಮೂಲಧನ ಯುದ್ಧದಲ್ಲಿ ಉಳಿದ ಸರಕು. ಹೊರದೇಶಗಳಲ್ಲಿ ಬಿದ್ದಿದ್ದ ಸೇನಾ ಸಾಮಗ್ರಿಯನ್ನು ಮಾರಿ ಬಂದ ಹಣವನ್ನು ವಿದ್ಯಾರ್ಥಿಗಳ ಮತ್ತು ಅಧ್ಯಾಪಕರ ವಿನಿಮಯಕ್ಕೆ ಬಳಸಬಹುದೆಂದು ಆ ಕಾಯಿದೆ ಹೇಳಿತು. ಭಾರತ ಮತ್ತು ಅಮೆರಿಕಗಳ ನಡುವೆ ಈ ಕುರಿತ ಒಪ್ಪಂದವಾದದ್ದು 1950ರ ಫೆಬ್ರುವರಿ 2ರಂದು. ಮರುವರ್ಷ ಆಹಾರದ ಕೊರತೆಯ ಸಂದರ್ಭದಲ್ಲಿ ಭಾರತಕ್ಕೆ 19 ಕೋಟಿ ಡಾಲರುಗಳ ಗೋಧಿ ಸಾಲ ದೊರೆತಾಗ, ಅದರ ಬಡ್ಡಿಯ ಒಂದು ಭಾಗವನ್ನು ವಿದ್ವಾಂಸರ ಹೋಗಿಬರುವಿಕೆಗೂ ಪುಸ್ತಕಗಳಿಗೂ ಮೀಸಲಿಡಲಾಯಿತು. 1954ರ ಪಿ.ಎಲ್. 480 ಯೋಜನೆಯಡಿ ಧಾನ್ಯದ ಬೆಲೆಯಾಗಿ ಭಾರತದಲ್ಲಿಯೇ ಸಂಗ್ರಹವಾದ ರೂಪಾಯಿಗಳಿಂದ 1962ರ ಹೊತ್ತಿಗೆ ಭಾರತೀಯ ಭಾಷೆಗಳ ಪುಸ್ತಕಗಳು ಅಮೆರಿಕದ ಗ್ರಂಥಾಲಯಗಳಿಗೆ ಹೋಗತೊಡಗಿದವು. ಅಲ್ಲಿಯ ಕಪಾಟುಗಳಲ್ಲಿ ಕನ್ನಡ ಪುಸ್ತಕಗಳ ಸಾಲು ಬೆಳೆದುದರ ಹಿಂದೆ ಗೋಧಿಯ ಋಣವಿದೆ ಎಂಬುದನ್ನು ಗ್ರಂಥಪಾಲಕರು ಬಲ್ಲರು. ಸಂಶೋಧಕರು ಅದನ್ನು ನೆನೆಯುವುದು ಅಪರೂಪ.

ಹೀಗೆ ಹೊರಟವರು ಬರಿಗೈಯಲ್ಲಿ ಹೋಗಲಿಲ್ಲ. ವಿದೇಶದ ವಿಶ್ವವಿದ್ಯಾಲಯ ನಮ್ಮವರ ಕಣ್ಣು ತೆರೆಸಿತೆಂಬ ಒಂದು ಮಾತು ಕನ್ನಡ ಜಾನಪದ ಅಧ್ಯಯನದ ಇತಿಹಾಸಗಳಲ್ಲಿ ಸುಲಭವಾಗಿ ನುಸುಳಿಕೊಂಡಿದೆ. ಹಲಸಂಗಿ ಗೆಳೆಯರ ‘ಗರತಿಯ ಹಾಡು’ ಪ್ರಕಟವಾದದ್ದು 1931ರಲ್ಲಿ. ಬಿ.ಎಸ್. ಗದ್ದಗಿಮಠರು ಜನಪದ ಗೀತೆಗಳನ್ನು ಕುರಿತು ಡಾಕ್ಟರೇಟ್ ಪ್ರಬಂಧ ಸಿದ್ಧಪಡಿಸಿದ್ದು 1950ರ ದಶಕದಲ್ಲಿ. ಎ.ಕೆ. ರಾಮಾನುಜನ್ ಅವರ ವಿಷಯದಲ್ಲಂತೂ ಈ ಮಾತು ಇನ್ನೂ ಸ್ಪಷ್ಟ. 1929ರ ಮಾರ್ಚ್ 16ರಂದು ಮೈಸೂರಿನಲ್ಲಿ ಜನಿಸಿ, ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ, ಬೆಳಗಾವಿ ಮೊದಲಾದೆಡೆ ಅಧ್ಯಾಪಕರಾಗಿದ್ದ ಅವರು ‘ಗಾದೆಗಳು’ ಎಂಬ ಪುಸ್ತಕವನ್ನು 1955ರಲ್ಲಿ ಧಾರವಾಡದಿಂದ ಪ್ರಕಟಿಸಿದರು. ಮರುವರ್ಷ ಅಮೆರಿಕದ ‘ಸದರ್ನ್ ಫೋಕ್‌ಲೋರ್ ಕ್ವಾರ್ಟರ್ಲಿ’ ಪತ್ರಿಕೆಯಲ್ಲಿ ಅವರು ಕೊಟ್ಟ ಜನಪದ ಕಥೆಗಳು ಅಚ್ಚಾದವು. ಅಂದರೆ ಮನುಷ್ಯನಿಗಿಂತ ಮೂರು ವರ್ಷ ಮೊದಲೇ ಅವನ ಕಥೆಗಳು ಸಮುದ್ರ ದಾಟಿದ್ದವು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾವಿಜ್ಞಾನದ ಡಿಪ್ಲೊಮಾ ಮುಗಿಸಿ, ಮೂವತ್ತರ ವಯಸ್ಸಿನಲ್ಲಿ, 1959ರಲ್ಲಿ ಅವರು ಫುಲ್‌ಬ್ರೈಟ್ ವಿದ್ಯಾರ್ಥಿಯಾಗಿ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೊರಟರು. ಆ ಕಡಲ ಪಯಣದ ದಿನಚರಿ ಅವರ ಮರಣಾನಂತರ 2019ರಲ್ಲಿ ಬೆಳಕು ಕಂಡಿತು.

ದಕ್ಷಿಣ ಇಂಡಿಯಾನಾದ ಸುಣ್ಣಕಲ್ಲಿನ ಗಣಿಗಳ ನಡುವಣ ಬ್ಲೂಮಿಂಗ್ಟನ್ ಆ ಕಾಲಕ್ಕೆ ಜಾನಪದ ವಿದ್ವಾಂಸರ ಯಾತ್ರಾಸ್ಥಳವಾಗಿತ್ತು. ಅಮೆರಿಕದಲ್ಲಿ ಜಾನಪದ ವಿಷಯದಲ್ಲಿಯೇ ಡಾಕ್ಟರೇಟ್ ನೀಡುವ ವ್ಯವಸ್ಥೆ ಮೊದಲು ರೂಪುಗೊಂಡದ್ದು ಇಲ್ಲಿ, 1949ರಲ್ಲಿ. ಅದರ ಹಿಂದಿದ್ದವರು ಸ್ಟಿತ್ ಥಾಂಪ್ಸನ್. ಅವರ ಆಶಯ ಸೂಚಿಯ ಪರಿಷ್ಕೃತ ಆವೃತ್ತಿ 1955ರಿಂದ 1958ರವರೆಗೆ ಆರು ಸಂಪುಟಗಳಲ್ಲಿ ಹೊರಬಂದಿತ್ತು. 1958ರಲ್ಲಿಯೇ ಜೋನಾಸ್ ಬಾಲಿಸ್ ಅವರೊಡನೆ ಭಾರತದ ಮೌಖಿಕ ಕಥೆಗಳ ಆಶಯಗಳನ್ನೂ, 1960ರಲ್ಲಿ ವಾರೆನ್ ರಾಬರ್ಟ್ಸ್ ಅವರೊಡನೆ ಭಾರತೀಯ ಕಥೆಗಳ ವರ್ಗಗಳನ್ನೂ ಅವರು ಪಟ್ಟಿಮಾಡಿದರು. ರಷ್ಯನ್ ವಿದ್ವಾಂಸ ಪ್ರಾಪ್ 1928ರಲ್ಲಿ ಬರೆದಿದ್ದ ಕಥಾರಚನಾ ಮೀಮಾಂಸೆ ಮೂವತ್ತು ವರ್ಷಗಳ ತರುವಾಯ ಇಂಗ್ಲಿಷಿಗೆ ಬಂದದ್ದೂ ಇದೇ ಊರಿನ ಸಂಶೋಧನ ಕೇಂದ್ರದಿಂದ. ಸಾಹಿತ್ಯಶೈಲಿಯನ್ನು ಕುರಿತು ಭಾಷಾವಿಜ್ಞಾನಿಗಳು, ವಿಮರ್ಶಕರು, ಮನೋವಿಜ್ಞಾನಿಗಳು ಒಟ್ಟಿಗೆ ಕುಳಿತು ಚರ್ಚಿಸಿದ ಪ್ರಸಿದ್ಧ ಸಮ್ಮೇಳನ 1958ರಲ್ಲಿ ಅಲ್ಲಿಯೇ ನಡೆದಿತ್ತು. ಬೆಳಗಾವಿಯಲ್ಲಿ ಕಥೆ ಕೇಳಿ ಬರೆದುಕೊಂಡಿದ್ದ ಅಧ್ಯಾಪಕರೊಬ್ಬರು ಇಂತಹ ಊರಿಗೆ ಇಂತಹ ಗಳಿಗೆಯಲ್ಲಿ ಬಂದಿಳಿದದ್ದು ಒಂದು ಯೋಗ.

ಆದರೆ ರಾಮಾನುಜನ್ ಅಲ್ಲಿ ಪದವಿಗಾಗಿ ಓದಿದ್ದು ಜಾನಪದವನ್ನಲ್ಲ. 1963ರ ಅವರ ಪ್ರಬಂಧದ ವಿಷಯ ಕನ್ನಡದ ಉತ್ಪಾದಕ ವ್ಯಾಕರಣ. ಹ.ಮಾ. ನಾಯಕರ ಸಂಗತಿಯೂ ಹೀಗೆಯೇ. ತೀರ್ಥಹಳ್ಳಿ ಸೀಮೆಯ ನಾಯಕರು ಅದೇ ವಿಶ್ವವಿದ್ಯಾಲಯದಿಂದ 1964ರಲ್ಲಿ ಡಾಕ್ಟರೇಟ್ ಪಡೆದದ್ದು ಕನ್ನಡದ ಗ್ರಾಂಥಿಕ ಮತ್ತು ಆಡುಮಾತಿನ ಶೈಲಿಗಳನ್ನು ಕುರಿತ ಅಧ್ಯಯನಕ್ಕೆ. ಅದು 1967ರಲ್ಲಿ ಮೈಸೂರಿನಿಂದ ಪುಸ್ತಕವಾಗಿ ಬಂದಿತು. ಕನ್ನಡ ಜಾನಪದದ ಶಾಸ್ತ್ರೀಯ ಅಧ್ಯಯನಕ್ಕೆ ದಾರಿ ತೋರಿದ ಇಬ್ಬರೂ ಜಾನಪದದ ರಾಜಧಾನಿಗೆ ಹೋಗಿ ಭಾಷಾವಿಜ್ಞಾನವನ್ನು ಓದಿ ಬಂದರೆಂಬುದು ಆಕಸ್ಮಿಕವಲ್ಲ. ಅಂದಿನ ಭಾರತದಲ್ಲಿ ಭಾಷಾವಿಜ್ಞಾನಕ್ಕೆ ಹುದ್ದೆಯಿತ್ತು, ಗೌರವವಿತ್ತು. ಜಾನಪದಕ್ಕೆ ಇನ್ನೂ ಪೀಠವಿರಲಿಲ್ಲ. ಆಡುಮಾತನ್ನು ಅಪಭ್ರಂಶವೆಂದು ತಳ್ಳದೆ ತನ್ನದೇ ನಿಯಮಗಳುಳ್ಳ ವ್ಯವಸ್ಥೆಯೆಂದು ಕಾಣುವ ದೃಷ್ಟಿ ಭಾಷಾವಿಜ್ಞಾನದ ಕೊಡುಗೆ. ಅಜ್ಜಿ ಹೇಳುವ ಕಥೆಗೂ ಅಂತಹದೇ ವ್ಯಾಕರಣವಿದೆ ಎಂದು ತಿಳಿಯಲು ಅಲ್ಲಿಂದ ಒಂದೇ ಹೆಜ್ಜೆ.

ಪಯಣ ಒಮ್ಮುಖವಾಗಿಯೂ ಇರಲಿಲ್ಲ. ವಿಲಿಯಂ ಬ್ರೈಟ್ 1950ರ ದಶಕದ ನಡುವೆ ಡೆಕ್ಕನ್ ಕಾಲೇಜಿಗೆ ಬಂದು ಕನ್ನಡವನ್ನು ಕಲಿತು, ಆಡುಗನ್ನಡದ ರೂಪರೇಖೆಯನ್ನು 1958ರಲ್ಲಿ ಅಲ್ಲಿಂದಲೇ ಪ್ರಕಟಿಸಿದರು. ಮುಂದೆ ಬ್ರೈಟ್ ಮತ್ತು ರಾಮಾನುಜನ್ ಜೊತೆಯಾಗಿ ಜಾತಿ ಉಪಭಾಷೆಗಳು ಬದಲಾಗುವ ಬಗೆಯನ್ನು ಕುರಿತು ಬರೆದ ಲೇಖನ ಸಾಮಾಜಿಕ ಭಾಷಾವಿಜ್ಞಾನದ ಆರಂಭದ ಬರಹಗಳಲ್ಲೊಂದು. ಮನೆಮಾತಿನಿಂದ ಹೊರಟವರೊಬ್ಬರು, ಕಲಿತು ಬಂದವರೊಬ್ಬರು ನಡುದಾರಿಯಲ್ಲಿ ಭೇಟಿಯಾದಂತಿದೆ ಆ ಬರಹ.

ಒಬ್ಬರು ಮರಳಿದರು, ಒಬ್ಬರು ಉಳಿದರು. ನಾಯಕರು ಮೈಸೂರಿಗೆ ಹಿಂದಿರುಗಿ ಕನ್ನಡ ಅಧ್ಯಯನ ಸಂಸ್ಥೆಯ ಹೊಣೆ ಹೊತ್ತರು, ದೇ. ಜವರೇಗೌಡ, ಜೀ.ಶಂ. ಪರಮಶಿವಯ್ಯ ಮೊದಲಾದವರು ಕೂಡಿ ಕಟ್ಟಿದ ವಾತಾವರಣದಲ್ಲಿ ಜಾನಪದ ವಸ್ತುಸಂಗ್ರಹಾಲಯ 1968ರಲ್ಲಿ ಆರಂಭವಾಯಿತು, 1970ರ ದಶಕದಲ್ಲಿ ಜಾನಪದ ಸ್ನಾತಕೋತ್ತರ ಅಧ್ಯಯನದ ವಿಷಯವಾಯಿತು. ‘ಜಾನಪದ’ ಎಂಬ ಪದವೇ ಒಂದು ಶಾಸ್ತ್ರದ ಹೆಸರಾಗಿ ನೆಲೆಗೊಂಡದ್ದರಲ್ಲಿ ನಾಯಕರ ಬರಹಗಳ ಪಾಲು ಹಿರಿದು. ಇದು ಪಡೆದ ಮುಯ್ಯಿಯನ್ನು ಊರಿಗೆ ತಂದು ಹಂಚಿದ ಬಗೆ. ಇದರ ಒಂದು ದೋಷವನ್ನೂ ಹೇಳಬೇಕು. ಪರದೇಶದ ಸೂಚಿಗಳು ಪಠ್ಯವಾದಾಗ ಎರಡು ಮೂರು ತಲೆಮಾರಿನ ವಿದ್ಯಾರ್ಥಿಗಳು ಕಥೆಗೆ ಸಂಖ್ಯೆ ಹಚ್ಚುವುದನ್ನೇ ಅಧ್ಯಯನವೆಂದು ನಂಬಿದರು. ಥಾಂಪ್ಸನ್ ಅವರ ಭಾರತೀಯ ಸೂಚಿಗಳು ಮುಖ್ಯವಾಗಿ ಇಂಗ್ಲಿಷಿನಲ್ಲಿ ಅಚ್ಚಾಗಿದ್ದ ಸಂಗ್ರಹಗಳನ್ನು ಆಧರಿಸಿದವು. ಇಂಗ್ಲಿಷಿಗೆ ಬಾರದ ಕನ್ನಡ ಕಥೆಗೆ ಅಲ್ಲಿ ದಾರಿ ಕಿರಿದು. ತನ್ನ ಕಥೆಯನ್ನು ಕಾಣದ ಪಟ್ಟಿಯಲ್ಲಿ ತನ್ನ ಕಥೆಯ ಸಂಖ್ಯೆಯನ್ನು ಹುಡುಕುವ ಶ್ರಮ ಎಷ್ಟೋ ಪ್ರಬಂಧಗಳಲ್ಲಿ ವ್ಯರ್ಥವಾಗಿ ಕಾಣುತ್ತದೆ.

ಉಳಿದವರ ಲೆಕ್ಕ ಇನ್ನಷ್ಟು ತೊಡಕಿನದು. 1962ರಿಂದ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ನೆಲೆಸಿದ ರಾಮಾನುಜನ್ ಸಂಖ್ಯೆಗಳನ್ನು ಬಲ್ಲವರಾಗಿದ್ದರೂ ಅವಕ್ಕೆ ಕಟ್ಟುಬೀಳಲಿಲ್ಲ. 1982ರಲ್ಲಿ ಅಲನ್ ಡಂಡಿಸ್ ಸಂಪಾದಿಸಿದ ಸಿಂಡರೆಲ್ಲಾ ಕಥಾಧ್ಯಯನಗಳ ಸಂಕಲನದಲ್ಲಿ ಅವರು ‘ಹಂಚಿ’ಯ ಕಥೆಯನ್ನು ಮುಂದಿಟ್ಟರು. ಮಣ್ಣಿನ ಮುಖವಾಡದಲ್ಲಿ ತನ್ನ ಚೆಲುವನ್ನು ಮರೆಮಾಡಿಕೊಂಡು ಮನೆ ಬಿಟ್ಟ ಹುಡುಗಿಯ ಕಥೆಯದು. ಯುರೋಪಿನ ಸಿಂಡರೆಲ್ಲಾ ಮದುವೆಯೊಂದಿಗೆ ಮುಗಿದರೆ, ಹಂಚಿಯ ಕಷ್ಟ ಮದುವೆಯ ಬಳಿಕವೂ ಮುಗಿಯುವುದಿಲ್ಲ. ಗುರುಸ್ವಾಮಿಯೊಬ್ಬನ ಕಾಮ ಅವಳನ್ನು ಬೆನ್ನಟ್ಟುತ್ತದೆ. ವರ್ಗಸೂಚಿ ಎರಡು ಬೇರೆ ಕಥೆಗಳೆಂದು ಕಾಣುವುದನ್ನು ಕನ್ನಡದ ಹೆಂಗಸು ಒಂದೇ ಬದುಕೆಂದು ಹೇಳುತ್ತಾಳೆ. ಬ್ಲೂಮಿಂಗ್ಟನ್‌ನ ಸೂಚಿಗೆ ಕನ್ನಡದ ಕಥೆ ಕೊಟ್ಟ ಉತ್ತರವೆಂದು ಇದನ್ನು ಭಾವಿಸಬಹುದು.

1986ರ ಲೇಖನವೊಂದರಲ್ಲಿ ಅವರು ಪ್ರಾಚೀನ ತಮಿಳು ಕಾವ್ಯಮೀಮಾಂಸೆಯ ‘ಅಕಂ’, ‘ಪುರಂ’ ಎಂಬ ವಿಭಾಗವನ್ನು ಕನ್ನಡ ಜಾನಪದಕ್ಕೆ ಅನ್ವಯಿಸಿದರು. ಒಳಮನೆಯಲ್ಲಿ, ಮಕ್ಕಳಿಗೆ ಅನ್ನ ಕಲಸುವ ಹೊತ್ತಿನಲ್ಲಿ ಹೇಳುವ ಅಕಂ ಕಥೆಗಳಲ್ಲಿ ಪಾತ್ರಗಳಿಗೆ ಸಾಮಾನ್ಯವಾಗಿ ಹೆಸರಿಲ್ಲ, ಊರಿಲ್ಲ. ಒಬ್ಬ ರಾಜ, ಅವನಿಗೊಬ್ಬಳು ಮಗಳು. ಹೊರಗಿನ ಕಟ್ಟೆಯಲ್ಲಿ ವೃತ್ತಿಗಾಯಕರು ಹಾಡುವ ಪುರಂ ಕಥನದಲ್ಲಿ ವೀರನಿಗೂ ದೈವಕ್ಕೂ ಹೆಸರು, ಸ್ಥಳ, ಕುಲ ಎಲ್ಲವೂ ಇವೆ. ಒಂದೇ ಕಥೆ ಒಳಗಿನಿಂದ ಹೊರಗೆ ಬಂದಾಗ ಹೆಸರು ಪಡೆಯುತ್ತದೆಂಬುದು ಅವರ ಸೂಕ್ಷ್ಮ. ವಿದ್ಯಾವಿನಿಮಯವೆಂಬುದು ಅಡುಗೆಮನೆಯ ಕಥೆಯನ್ನು ಜಗತ್ತಿನ ಹೊರಜಗಲಿಗೆ ತಂದಿಟ್ಟ ಕ್ರಿಯೆ. ಹಾಗೆ ಬಂದ ಕಥೆಗೆ ವರ್ಗಸಂಖ್ಯೆ ಸಿಕ್ಕಿತು, ಸಂಗ್ರಾಹಕನ ಹೆಸರು ಸಿಕ್ಕಿತು, ಅನುವಾದಕನ ಹೆಸರು ಸಿಕ್ಕಿತು. ಸೂಚಿಯ ಪುಟದಲ್ಲಿ ಹೇಳಿದವಳ ಹೆಸರಿಗೆ ಮಾತ್ರ ಅಂಕಣವೇ ಇಲ್ಲ. ಮುಯ್ಯಿಯ ಪುಸ್ತಕದಲ್ಲಿ ಮೊದಲ ಕೊಡುಗೆಯೇ ದಾಖಲಾಗದ ಸ್ಥಿತಿಯಿದು.

ಬೇರೆ ಬಗೆಯ ವಿನಿಮಯವೂ ಸಾಧ್ಯವೆಂಬುದಕ್ಕೆ ತುಳುನಾಡಿನ ನಿದರ್ಶನವಿದೆ. ಫಿನ್ಲೆಂಡಿನ ಲೌರಿ ಹೋಂಕೊ ಮತ್ತು ಅನೆಲಿ ಹೋಂಕೊ, ಮಂಗಳೂರಿನ ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡ ಒಂದು ತಂಡವಾಗಿ 1990ರ ಡಿಸೆಂಬರಿನಲ್ಲಿ ಗೋಪಾಲ ನಾಯ್ಕರಿಂದ ಸಿರಿ ಕಾವ್ಯವನ್ನು ಧ್ವನಿಮುದ್ರಿಸಿಕೊಂಡರು. 15,683 ಸಾಲುಗಳ ಆ ತುಳು ಕಾವ್ಯ 1998ರಲ್ಲಿ ಹೆಲ್ಸಿಂಕಿಯಿಂದ ಪ್ರಕಟವಾದಾಗ, ಅದು ಗೋಪಾಲ ನಾಯ್ಕರು ಹಾಡಿದಂತಹ ಕಾವ್ಯವೆಂಬುದು ಗ್ರಂಥದ ಶೀರ್ಷಿಕೆಯಲ್ಲಿಯೇ ನಮೂದಾಯಿತು. ಮೂಲ ತುಳು ಪಾಠ ಮತ್ತು ಇಂಗ್ಲಿಷ್ ಅನುವಾದ ಎದುರುಬದುರಾಗಿ ನಿಂತವು. ಇಲ್ಲಿ ಒಬ್ಬ ವಿದ್ಯಾರ್ಥಿ ದೂರದ ವಿಶ್ವವಿದ್ಯಾಲಯಕ್ಕೆ ಹೋಗಿ ಕಲಿಯುವುದರ ಬದಲು ವಿಶ್ವವಿದ್ಯಾಲಯವೇ ಹಾಡುಗಾರನ ಮುಂದೆ ಕುಳಿತಿತು. ಸಿರಿ ಪುರಂ ಲೋಕದ ಕಾವ್ಯವಾದ್ದರಿಂದ ಇದು ಸುಲಭವಾಯಿತೆಂದು ವಾದಿಸಬಹುದು. ಒಳಮನೆಯ ಕಥೆ ಹೇಳುವವಳಿಗೆ ಹೆಸರು ಬಯಸುವ ಅಭ್ಯಾಸವೇ ಇಲ್ಲವೆಂದೂ ಹೇಳಬಹುದು. ಬಯಸದವರಿಗೆ ಋಣ ತೀರಿಸಬೇಕಿಲ್ಲವೆಂಬ ನಿಯಮ ಯಾವ ಮುಯ್ಯಿಯಲ್ಲಿಯೂ ಇಲ್ಲ.

ಸರ್ಕಾರಗಳ ಮಟ್ಟದಲ್ಲಿ ಲೆಕ್ಕ ಹೇಗೋ ಸರಿದೂಗಿತು. 2008ರ ಹೊಸ ಒಪ್ಪಂದದಿಂದ ಭಾರತವೂ ಸಮಾನ ಪಾಲುದಾರನಾಗಿ ವೆಚ್ಚ ಭರಿಸತೊಡಗಿ, ವಿದ್ಯಾರ್ಥಿವೇತನಗಳಿಗೆ ಫುಲ್‌ಬ್ರೈಟ್–ನೆಹರು ಎಂಬ ಹೆಸರಾಯಿತು. ಕಥೆಗಳ ಲೆಕ್ಕ ಬೇರೆ ದಾರಿ ಹಿಡಿಯಿತು. ಗಿರೀಶ ಕಾರ್ನಾಡರು 1987–88ರಲ್ಲಿ ಅದೇ ಫುಲ್‌ಬ್ರೈಟ್ ಯೋಜನೆಯಡಿ ಷಿಕಾಗೋದಲ್ಲಿದ್ದಾಗ, ರಾಮಾನುಜನ್ ಅವರಿಂದ ಕೇಳಿದ್ದ ಎರಡು ಜನಪದ ಕಥೆಗಳನ್ನು ಹೆಣೆದು ‘ನಾಗಮಂಡಲ’ವನ್ನು ಕನ್ನಡದಲ್ಲಿ ಬರೆದರು. ಕಥೆ ಹೀಗೆ ಒಮ್ಮೆ ಮನೆಗೆ ಮರಳಿತು. ರಾಮಾನುಜನ್ 1993ರ ಜುಲೈ 13ರಂದು ಷಿಕಾಗೋದಲ್ಲಿ ತೀರಿಕೊಂಡರು. ಅವರು ಕನ್ನಡದಿಂದ ಅನುವಾದಿಸಿಟ್ಟಿದ್ದ 77 ಕಥೆಗಳನ್ನು ಸ್ಟುವರ್ಟ್ ಬ್ಲ್ಯಾಕ್‌ಬರ್ನ್ ಮತ್ತು ಡಂಡಿಸ್ 1997ರಲ್ಲಿ ಇಂಗ್ಲಿಷಿನಲ್ಲಿ ಹೊರತಂದರು. ಅದರ ಶೀರ್ಷಿಕೆಯ ಕಥೆ ಹೂಬಿಡುವ ಮರವಾಗಬಲ್ಲ ಬಡ ಹುಡುಗಿಯದು. ತಾಯಿಯ ಕಷ್ಟ ನೋಡಲಾರದೆ ಅವಳು ಮರವಾಗಿ ಹೂ ಕೊಡುತ್ತಾಳೆ; ಮೇಲೆ ನೀರು ಹುಯ್ದವರು ಮತ್ತೆ ಹೆಣ್ಣಾಗಿಸಬೇಕು. ನಾದಿನಿ ಮತ್ತು ಗೆಳತಿಯರು ಕೊಂಬೆ ಮುರಿದು ನೀರನ್ನು ಸರಿಯಾಗಿ ಹುಯ್ಯದೆ ಹೋದಾಗ ಅವಳು ಅರೆದೇಹವಾಗಿ ಉಳಿಯುತ್ತಾಳೆ. ಅಮೆರಿಕದ ಸಂಗೀತಗಾರ ಜಾನ್ ಆಡಮ್ಸ್ ಈ ಕಥೆಯನ್ನು ಸಂಗೀತರೂಪಕವಾಗಿಸಿ 2006ರ ನವೆಂಬರಿನಲ್ಲಿ ವಿಯೆನ್ನಾದಲ್ಲಿ ಪ್ರಯೋಗಿಸಿದರು. ಗಾಯಕರು ಇಂಗ್ಲಿಷಿನಲ್ಲಿ ಹಾಡಿದರು. ವೆನೆಜುವೆಲಾದ ವೃಂದದವರು ಸ್ಪ್ಯಾನಿಷಿನಲ್ಲಿ ದನಿಗೂಡಿಸಿದರು.