2147483647

2147483647 ಒಂದು ಅವಿಭಾಜ್ಯ ಸಂಖ್ಯೆ. ಬಿಡಿಸಿ ಓದಿದರೆ ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷದ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು. 31 ಎರಡುಗಳನ್ನು ಗುಣಿಸಿ ಬಂದದ್ದರಲ್ಲಿ ಒಂದು ಕಳೆದರೆ ಇದು ಸಿಗುತ್ತದೆ. ದ್ವಿಮಾನ ಪದ್ಧತಿಯಲ್ಲಿ ಬರೆದರೆ ಸಾಲಾಗಿ 31 ಒಂದುಗಳು, ನಡುವೆ ಸೊನ್ನೆಯ ಸುಳಿವೇ ಇಲ್ಲ. ಈ ರೂಪದ ಅವಿಭಾಜ್ಯಗಳಿಗೆ ಫ್ರಾನ್ಸಿನ ಸನ್ಯಾಸಿ ಮರ್ಸೆನ್‌ನ ಹೆಸರಿದೆ. ಆ ಸಾಲಿನಲ್ಲಿ ಇದು ಎಂಟನೆಯದು.

1644ರಲ್ಲಿ ಮರ್ಸೆನ್ ಕೊಟ್ಟ ಪಟ್ಟಿಯಲ್ಲಿ 31ನೇ ಘಾತವೂ ಇತ್ತು. ಆದರೆ ಅದೇ ಪಟ್ಟಿಯ 67 ಮತ್ತು 257 ಮುಂದೆ ಸುಳ್ಳಾದವು, ಹಾಗಾಗಿ ಅವನ ಮಾತನ್ನು ಪುರಾವೆ ಎನ್ನುವಂತಿಲ್ಲ. ಪುರಾವೆ ಕೊಟ್ಟವನು ಗಣಿತಜ್ಞ ಆಯ್ಲರ್. 1772ರಲ್ಲಿ ಇನ್ನೊಬ್ಬ ಗಣಿತಜ್ಞ ಬರ್ನೂಲಿಗೆ ಬರೆದ ಪತ್ರದಲ್ಲಿ ಅದನ್ನು ತಿಳಿಸಿದಾಗ ಅವನ ದೃಷ್ಟಿ ಬಹುತೇಕ ಹೋಗಿತ್ತು.

ಈ ಸಂಖ್ಯೆಯ ವರ್ಗಮೂಲ 46340ಕ್ಕಿಂತ ತುಸು ಹೆಚ್ಚು. ಅಷ್ಟರವರೆಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸಿ ನೋಡಲು ಕೂತರೆ ಸಾವಿರಾರು ಭಾಗಾಕಾರ. ಆಯ್ಲರ್ ಕೆಲಸ ಇಳಿಸಿದ: ಇದಕ್ಕೆ ಅವಿಭಾಜ್ಯ ಭಾಜಕವೊಂದು ಇದ್ದರೆ, ಅದನ್ನು 248ರಿಂದ ಭಾಗಿಸಿದಾಗ 1 ಅಥವಾ 63 ಶೇಷ ಉಳಿಯಲೇಬೇಕು. ಅಂಥವು ಹೆಚ್ಚೆಂದರೆ 372. ಅವುಗಳಲ್ಲಿ ಮೊದಲು ಸಿಗುವ ಅವಿಭಾಜ್ಯ 311. ಕಾಗದ ಹಿಡಿದು ಭಾಗಿಸಿದರೆ ಭಾಗಲಬ್ಧ 6905092, ಶೇಷ 35. ಹೀಗೆಯೇ ಒಂದೊಂದಾಗಿ ಎಲ್ಲವೂ ಶೇಷ ಉಳಿಸಿದವು. ಮುಂದೆ ಹಲವು ದಶಕಗಳವರೆಗೆ ತಿಳಿದಿದ್ದ ಅತಿದೊಡ್ಡ ಅವಿಭಾಜ್ಯ ಇದೇ.

ಇದನ್ನು 2ರ 30ನೇ ಘಾತದಿಂದ ಗುಣಿಸಿದರೆ ಪರಿಪೂರ್ಣ ಸಂಖ್ಯೆ, ಅಂದರೆ ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ಸಮನಾದ ಸಂಖ್ಯೆ: 2305843008139952128. ಇಂಥವು ಕುತೂಹಲಕ್ಕಷ್ಟೇ, ಉಪಯೋಗವಿಲ್ಲ; ಆದ್ದರಿಂದ ಇದಕ್ಕಿಂತ ದೊಡ್ಡದನ್ನು ಯಾರೂ ಹುಡುಕಲಿಕ್ಕಿಲ್ಲ ಎಂದು 1811ರಲ್ಲಿ ಇಂಗ್ಲೆಂಡಿನ ಪೀಟರ್ ಬಾರ್ಲೋ ಬರೆದ. ಪಾಪ, ಆ ಮಾತು ತಪ್ಪಿತು. ಗಣಿತಜ್ಞ ಲ್ಯೂಕಾಸ್ 1876ರಲ್ಲೇ 127ನೇ ಘಾತಕ್ಕೆ ಹೋಗಿ ಮುಟ್ಟಿದ.

2147483647ಕ್ಕೆ ಮಾತ್ರ ಉಪಯೋಗ ಕಂಪ್ಯೂಟರಿನಲ್ಲಿ ಸಿಕ್ಕಿತು. 32 ಬಿಟ್‌ಗಳಲ್ಲಿ ಒಂದು ಧನ-ಋಣ ಚಿಹ್ನೆಗೆ ಹೋದರೆ ಉಳಿಯುವುದು 31. ಅದರಲ್ಲಿ ಹಿಡಿಸುವ ಅತಿದೊಡ್ಡ ಪೂರ್ಣಾಂಕ ಇದು. ಇದಕ್ಕೆ ಒಂದು ಕೂಡಿಸಿದರೆ ಲೆಕ್ಕ ಸಾಮಾನ್ಯವಾಗಿ ಮಗುಚಿ -2147483648 ಆಗುತ್ತದೆ. 1970ರ ಜನವರಿ 1ರಿಂದ ಸೆಕೆಂಡು ಎಣಿಸುವ ಹಳೆಯ ವ್ಯವಸ್ಥೆಗಳ ಗಡಿಯಾರ ಈ ಅಂಚಿಗೆ ಬರುವುದು 2038ರ ಜನವರಿ 19ರಂದು, ಭಾರತೀಯ ಕಾಲಮಾನ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಮರುಸೆಕೆಂಡಿಗೆ ಅವು 1901ರ ಡಿಸೆಂಬರ್ ತೋರಿಸಬಹುದು. 2014ರಲ್ಲಿ ‘ಗಂಗ್ನಮ್ ಸ್ಟೈಲ್’ ಹಾಡಿನ ವೀಕ್ಷಣೆ ಇದೇ ಮಿತಿ ದಾಟಿತು; ಅದಕ್ಕೆಂದು ಯೂಟ್ಯೂಬ್ ತನ್ನ ಎಣಿಕೆಯನ್ನು 64 ಬಿಟ್‌ಗೆ ಹಿಗ್ಗಿಸಿತ್ತು.

ಅಲ್ಲಿನ ಗರಿಷ್ಠ 9223372036854775807. ನೋಡಲು ಗಟ್ಟಿಮುಟ್ಟು, ಆದರೆ ಅವಿಭಾಜ್ಯವಲ್ಲ. ಏಳರಿಂದಲೇ ಶೇಷವಿಲ್ಲದೆ ಭಾಗವಾಗುತ್ತದೆ.