ಹಗ್ಗ ಸಾಲದ ಮುಡಿ

ಮೊನ್ನೆ ಮಂಗಳೂರು ಬಂದರಿನಲ್ಲಿ ಪರಿಚಯದವರೊಬ್ಬರ ಅಕ್ಕಿ ಗೋದಾಮಿಗೆ ಹೋಗಿದ್ದೆ. ಪ್ಲಾಸ್ಟಿಕ್ ಚೀಲಗಳನ್ನು ಆಳೆತ್ತರಕ್ಕೆ ಅಟ್ಟಿ ಹಾಕಿ, ಸುತ್ತಲೂ ತೆಳು ಪ್ಲಾಸ್ಟಿಕ್ ಹಾಳೆ ಬಿಗಿದಿದ್ದರು. ಗಾಳಿ ಒಳಗೆ ಹೋಗುವಂತಿಲ್ಲ, ಒಳಗಿನ ಬೆವರು ಹೊರಗೆ ಬರುವಂತಿಲ್ಲ. ಅಲ್ಲಿನ ಹುಡುಗನೊಬ್ಬ ನಡುವಿನ ಚೀಲವೊಂದರ ಮೇಲೆ ಕೈ ಇಟ್ಟು, "ಇದು ಬಿಸಿಯಾಗಿದೆ, ಇಳಿಸಬೇಕು" ಎಂದ. ಇಳಿಸಿದರೆ ಅಡಿಯ ಅಕ್ಕಿಗೆ ಮುಗ್ಗಲು ವಾಸನೆ. ನನಗೆ ನಮ್ಮ ಉಪ್ಪಪ್ಪನ ನೆನಪಾಯಿತು. ಅವರು ಮುಡಿ ಕಟ್ಟುವವರು.

ಈ ಬ್ಲಾಗ್ ಓದುವ ಹಿರಿಯರಿಗೆ ಮುಡಿ ಎಂದರೇನೆಂದು ಹೇಳಬೇಕಾಗಿಲ್ಲ. ಗಲ್ಫಿನಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗಾಗಿ ಬರೆಯುತ್ತೇನೆ. ಬೈಹುಲ್ಲಿನೊಳಗೆ ಅಕ್ಕಿ ತುಂಬಿ, ಬೈಹುಲ್ಲಿನದೇ ಹಗ್ಗದಿಂದ ಬಿಗಿದ, ದೊಡ್ಡ ಕುಂಬಳಕಾಯಿಯಂಥ ಉರುಟು ಕಟ್ಟು ಅದು. 14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಒಂದು ಮುಡಿ. ಅಂದರೆ 42 ಸೇರು. ತುಳುನಾಡಿನ ಗದ್ದೆ, ಗೇಣಿ, ಸಾಲ, ಮದುವೆಯ ಊಟ, ಎಲ್ಲದರ ಲೆಕ್ಕವೂ ಮುಡಿಯಲ್ಲೇ. ಗದ್ದೆಯ ವಿಸ್ತಾರವನ್ನೂ ಎಷ್ಟು ಮುಡಿ ಬಿತ್ತುವ ಗದ್ದೆ ಎಂದು ಹೇಳುತ್ತಿದ್ದರು. ಒಂದು ಕಟ್ಟು ಒಂದೇ ಹೊತ್ತಿಗೆ ಚೀಲವೂ ಹೌದು, ಅಳತೆಯೂ ಹೌದು, ದುಡ್ಡೂ ಹೌದು. ನಾನು ಹೇಳಹೊರಟ ಕಥೆ ಇರುವುದು ಇಲ್ಲೇ.

ನಮ್ಮ ಮನೆ ಕುಂಬಳೆ ಮತ್ತು ಮಂಜೇಶ್ವರದ ನಡುವೆ, ಶಿರಿಯ ಹೊಳೆಯ ಬದಿಯಲ್ಲಿ. ಉಪ್ಪಪ್ಪನಿಗೆ ಚಾಲಗೇಣಿಯ ಎರಡು ಗದ್ದೆಗಳಿದ್ದವು. ಕೊಯ್ಲು ಮುಗಿದ ಮೇಲೆ ಊರಿನ ಅಂಗಳಗಳಲ್ಲಿ ಮುಡಿ ಕಟ್ಟುವ ಕೆಲಸ. ಅದೂ ಮುಗಿದರೆ ಮಂಗಳೂರು ಬಂದರಿನ ಗೋದಾಮಿನಲ್ಲಿ ಮಳೆಗಾಲದ ತನಕ ಕೂಲಿ.

ಮುಡಿ ಕಟ್ಟುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮೊದಲು ಹುಲ್ಲು. ಎತ್ತಿನಿಂದ ತುಳಿಸಿದ ಹುಲ್ಲು ಮುಡಿಗೆ ಬಾರದು, ಅದು ಮುರಿದಿರುತ್ತದೆ. ಪಡಿಮಂಚಕ್ಕೆ ಬಡಿದು ಭತ್ತ ಉದುರಿಸಿದ, ಸೊಂಟದಷ್ಟು ಉದ್ದದ ಹುಲ್ಲೇ ಬೇಕು. ಅದರ ಸೋಗೆ, ಕಸ ಎಲ್ಲ ಕೊಡವಿ, ಸ್ವಲ್ಪ ನೀರು ಚಿಮುಕಿಸಿ ಪದ ಮಾಡುತ್ತಿದ್ದರು. ಹೆಚ್ಚು ನೀರಾದರೆ ಬೂಷ್ಟು, ಕಡಿಮೆಯಾದರೆ ಹುಲ್ಲು ಲಟಲಟನೆ ಮುರಿಯುತ್ತದೆ. ಎಷ್ಟು ನೀರು ಎಂದು ಕೇಳಿದರೆ ಉಪ್ಪಪ್ಪ ಹುಲ್ಲನ್ನು ಮೂಗಿಗೆ ಹಿಡಿದು ತೋರಿಸುತ್ತಿದ್ದರು. ಅದನ್ನು ಕಲಿಯಲು ನನ್ನಿಂದ ಆಗಲಿಲ್ಲ.

ಆಮೇಲೆ ಹಗ್ಗ ಹೊಸೆಯುವುದು. ಉಮ್ಮಾಮ ಮತ್ತು ಮನೆಯ ಹೆಣ್ಣುಮಕ್ಕಳು ರಾತ್ರಿ ಚಿಮಿಣಿ ದೀಪದ ಮುಂದೆ ಕೂತು ಹೊಸೆಯುತ್ತಿದ್ದರು. ಮುಡಿಯ ಕಥೆ ಹೇಳುವವರು ಗಂಡಸರ ಕೈಬಲವನ್ನು ಮಾತ್ರ ಹೊಗಳುತ್ತಾರೆ, ಈ ಹಗ್ಗದ ಮಾತೆತ್ತುವುದಿಲ್ಲ. ನೆಲದಲ್ಲಿ ಹಗ್ಗವನ್ನು ಅಡ್ಡಡ್ಡ ಹಾಸಿ, ಅದರ ಮೇಲೆ ಹುಲ್ಲನ್ನು ಸೂರ್ಯನ ಕಿರಣದ ಹಾಗೆ ಸುತ್ತಲೂ ಹರಡಿ, ನಡುವೆ ಅಕ್ಕಿ ಅಳೆದು ಸುರಿಯುತ್ತಾರೆ. ಹುಲ್ಲಿನ ತುದಿಗಳನ್ನು ಮೇಲೆತ್ತಿ, ಕೂಡಿಸಿ, ತಿರುಚಿ ಕಟ್ಟುತ್ತಾರೆ. ಆಮೇಲೆ ಕಾಲಲ್ಲಿ ಒತ್ತಿ ಹಿಡಿದು, ಉರುಳಿಸುತ್ತಾ ಹಗ್ಗ ಸುತ್ತುವುದು, ಮರದ ಕೊಡತಿಯಲ್ಲಿ ಬಡಿಯುವುದು, ಮತ್ತೆ ಸುತ್ತುವುದು. ಬಡಿದಾಗ ಒಳಗಿನ ಅಕ್ಕಿ ಕುಳಿತುಕೊಳ್ಳುತ್ತದೆ, ಹಗ್ಗ ಸಡಿಲವಾಗುತ್ತದೆ, ಅದನ್ನು ಮತ್ತೆ ಬಿಗಿಯಬೇಕು. ಕೊನೆಗೆ ಕೊಡತಿ ಬಿದ್ದಾಗ ಕಲ್ಲಿಗೆ ಬಡಿದ ಸದ್ದು ಬರಬೇಕು. ಒಳ್ಳೆಯ ಮುಡಿಯನ್ನು ತಲೆಯೆತ್ತರದಿಂದ ನೆಲಕ್ಕೆ ಹಾಕಿದರೂ ಒಂದು ಕಾಳು ಹೊರಬಾರದು. ಅಟ್ಟದ ಮೇಲೆ, ಅಡುಗೆಯ ಹೊಗೆ ತಾಗುವಲ್ಲಿ ಇಟ್ಟರೆ ಮುಂದಿನ ಕೊಯ್ಲಿನವರೆಗೂ ಹುಳ ಹಿಡಿಯುತ್ತಿರಲಿಲ್ಲ.

ಇದು ಎಷ್ಟು ಹಳೆಯದು? ಬಾರಕೂರು, ಬಸರೂರು ಕಡೆಯ ವಿಜಯನಗರ ಕಾಲದ ಶಾಸನಗಳಲ್ಲಿ ದೇವಸ್ಥಾನಗಳಿಗೆ ಬಿಟ್ಟ ಅಕ್ಕಿಯ ಲೆಕ್ಕ ಮೂಡೆಯಲ್ಲಿದೆ. ಬರೀ ಇಷ್ಟು ಮೂಡೆ ಎಂದು ಬಿಡದೆ, ಮೂಡೆಗೆ ಎಷ್ಟು ಹಾನೆ ಎಂದೂ ಕೆತ್ತಿಸಿದ್ದಾರೆ. ಕಲ್ಲಿನಲ್ಲಿ ಬರೆಯಿಸುವಷ್ಟು ಆ ವಿಷಯದಲ್ಲಿ ಆಗಲೇ ತಕರಾರು ಇದ್ದಿರಬೇಕು ಎಂದು ನನ್ನ ಊಹೆ. 16ನೇ ಶತಮಾನದ ಆರಂಭದಲ್ಲಿ ಈ ಕರಾವಳಿಯನ್ನು ವರ್ಣಿಸಿದ ಪೋರ್ಚುಗೀಸ್ ಅಧಿಕಾರಿ ದುವಾರ್ತೆ ಬಾರ್ಬೋಸ, ಮಂಗಳೂರಿನಿಂದ ಕಂದು ಬಣ್ಣದ ಅಕ್ಕಿ ಹಡಗು ತುಂಬಿ ಮಲಬಾರಿಗೆ ಹೋಗುತ್ತದೆ, ಅದು ಬಿಳಿ ಅಕ್ಕಿಗಿಂತ ಆರೋಗ್ಯಕ್ಕೆ ಒಳ್ಳೆಯದು ಎನ್ನುತ್ತಾನೆ. ನಮ್ಮ ಕುಚ್ಚಲಕ್ಕಿಯೇ ಇರಬೇಕು. ಪೋರ್ಚುಗೀಸರ ಲೆಕ್ಕಪತ್ರಗಳಲ್ಲಿ ಈ ಅಕ್ಕಿ 'ಫಾರ್ದು'ಗಳಲ್ಲಿ ಬರುತ್ತದೆ. ಅವರ ಭಾಷೆಯಲ್ಲಿ ಆ ಮಾತಿಗೆ ಕಟ್ಟು, ಮೂಟೆ ಎಂದರ್ಥ.

ಬಂದರಿನಿಂದ ಮುಡಿ ಸಮುದ್ರಕ್ಕೂ ಇಳಿಯಿತು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಬ್ರಿಟಿಷರ ಕಾಲದಲ್ಲಿ ಅಲ್ಲಿನ ತೆಂಗಿನ ನಾರಿನ ಹುರಿ ಸರ್ಕಾರದ ಏಕಸ್ವಾಮ್ಯ. ದ್ವೀಪದವರು ಓಡಂಗಳಲ್ಲಿ ಹುರಿ ತಂದು ಮಂಗಳೂರಿನಲ್ಲಿ ಒಪ್ಪಿಸಿ, ಬದಲಿಗೆ ಅಕ್ಕಿ ಒಯ್ಯಬೇಕಿತ್ತು. ಆ ಅಕ್ಕಿ ಉಪ್ಪುನೀರಿನ ಮೇಲೆ ದಿನಗಟ್ಟಲೆ ಹೋಗುವಂಥದ್ದು. ಉಪ್ಪಪ್ಪ ಹೇಳುತ್ತಿದ್ದದ್ದು: ಹಡಗಿನ ಅಡಿಗೆ ಮಡಲು, ಸೊಪ್ಪು ಹಾಸಿ ಅದರ ಮೇಲೆ ಮುಡಿ ಇಡಬೇಕು, ತಳದಲ್ಲಿ ನೀರು ಸೇರಿದರೂ ಮುಡಿಗೆ ತಾಗಬಾರದು. ಗೋದಾಮಿನಲ್ಲೂ ಹಾಗೆಯೇ. ಮುರಕಲ್ಲಿನ ನೆಲಕ್ಕೆ ಉಮಿ, ಉಮಿಯ ಮೇಲೆ ಹಲಗೆ, ಗೋಡೆಯಿಂದ ಒಂದು ಮೊಳ ಬಿಟ್ಟು ಅಟ್ಟಿ. ಉರುಟಾದ್ದರಿಂದ ಒಂದಕ್ಕೊಂದು ಅಂಟಿ ಕೂರುವುದಿಲ್ಲ. ಎಷ್ಟೇ ಒತ್ತೊತ್ತಾಗಿ ಪೇರಿಸಿದರೂ ಸಂದಿಯಲ್ಲಿ ಗಾಳಿ ಹೋಗುತ್ತದೆ.

ಇನ್ನು ಹಗ್ಗದ ವಿಷಯ.

ಉಪ್ಪಪ್ಪ ಒಂದು ಮುಡಿಗೆ ಬೇಕಾದ ಹಗ್ಗವನ್ನು ಮೊದಲೇ ಮಾರಿನ ಲೆಕ್ಕದಲ್ಲಿ ಅಳೆದು ಸುರುಳಿ ಮಾಡಿ ಇಟ್ಟುಕೊಳ್ಳುತ್ತಿದ್ದರು. ಎಷ್ಟೋ ವರ್ಷದ ಅಭ್ಯಾಸ, ಒಂದು ಗೇಣು ಹೆಚ್ಚು ಕಡಿಮೆಯಾಗುತ್ತಿರಲಿಲ್ಲ. ಬಂದರಿನ ಗೋದಾಮಿನಲ್ಲಿ ಕಟ್ಟುವಾಗ ಆ ಹಗ್ಗ ಸರಿಯಾಗಿ ಮುಗಿಯುತ್ತಿತ್ತು. ಆದರೆ ನಮ್ಮ ಧಣಿಯ ಅಂಗಳದಲ್ಲಿ ಗೇಣಿಯ ಅಕ್ಕಿ ಅಳೆದು ಕಟ್ಟುವಾಗ, ಪ್ರತಿ ಸಲವೂ, ಹಗ್ಗ ಸಾಲುತ್ತಿರಲಿಲ್ಲ. ಎರಡು ಸುತ್ತು ಕಡಿಮೆ ಬೀಳುತ್ತಿತ್ತು. ಅಕ್ಕಿ ಅಳೆಯುವ ಕಳಸೆ ಧಣಿಯ ಮನೆಯದು. ಅಳೆಯುವವನು ಧಣಿಯ ಆಳು. 42 ಸೇರು ಎಂದು ಕೂಗಿ ಹೇಳುತ್ತಿದ್ದ. ಕೂಗಿದ್ದು 42, ಹುಲ್ಲಿನೊಳಗೆ ಹೋದದ್ದು ಅದಕ್ಕಿಂತ ಹೆಚ್ಚು.

"ನೀವು ಹೇಳಲಿಲ್ಲವೇ?" ಎಂದು ನಾನು ಕೇಳಿದ್ದೆ. ಚಾಲಗೇಣಿಯವನು ಹೇಳುವುದುಂಟೇ, ಮುಂದಿನ ವರ್ಷ ಗದ್ದೆ ಬೇರೆಯವನಿಗೆ. ಅವರು ಮಾಡಿದ್ದು ಇಷ್ಟೇ: ಮನೆಗೆ ಬಂದು ಉಮ್ಮಾಮನಿಗೆ, "ಧಣಿಯ ಮನೆಯ ಮುಡಿಗೆ ಹಗ್ಗ ಎರಡು ಸುತ್ತು ಉದ್ದ ಹೊಸೆ" ಎಂದರು. ಯಾಕೆಂದು ಉಮ್ಮಾಮ ಕೇಳಲಿಲ್ಲ. ಹೊಸೆಯುವವಳಿಗೆ ತಿಳಿಯದೆ ಇರುತ್ತದೆಯೇ? ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ನಮ್ಮ ಮನೆಯಲ್ಲಿ ಎರಡು ಬಗೆಯ ಹಗ್ಗದ ಸುರುಳಿಗಳು ಬೇರೆ ಬೇರೆ ಗೂಟದಲ್ಲಿ ತೂಗುತ್ತಿದ್ದವು. ಗೇಣಿಯ ರಶೀದಿ ಎಂಬುದು ನಮ್ಮಲ್ಲಿ ಇರಲಿಲ್ಲ. ಕೊಟ್ಟದ್ದಕ್ಕೂ ಹೆಚ್ಚು ಕೊಟ್ಟದ್ದಕ್ಕೂ ಆ ಎರಡು ಗೂಟಗಳೇ ದಾಖಲೆ.

ಗೋಣಿಚೀಲ ಬಂದದ್ದು ಒಂದೇ ದಿನದಲ್ಲಿ ಅಲ್ಲ. ಬಂಗಾಳದ ರಿಶ್ರಾದಲ್ಲಿ 1855ರಲ್ಲಿ ಸೆಣಬಿನ ಗಿರಣಿ ಶುರುವಾಯಿತು, 1907ರಲ್ಲಿ ರೈಲು ಮಂಗಳೂರಿಗೆ ಬಂತು. ರೈಲಿನ ಡಬ್ಬಿಗೆ ಚಪ್ಪಟೆ ಚೀಲವೇ ಅನುಕೂಲ, ಉರುಟು ಮುಡಿ ಜಾಗ ತಿನ್ನುತ್ತದೆ, ಉರುಳುತ್ತದೆ. ಯುದ್ಧದ ಕಾಲದಲ್ಲಿ, 1942ರಲ್ಲಿ ಬರ್ಮಾ ಜಪಾನೀಯರ ಕೈಗೆ ಹೋಗಿ ಅಲ್ಲಿನ ಅಕ್ಕಿ ನಿಂತ ಮೇಲೆ ರೇಷನ್ ಬಂತು. ರೇಷನ್ ಅಕ್ಕಿ ಬರುವುದು ಗೋಣಿಯಲ್ಲಿ, ತೂಕದಲ್ಲಿ. 1962ರಿಂದ ಕಿಲೋ ಕಡ್ಡಾಯವಾಯಿತು. ಸೇರು, ಕಳಸೆ ಕಾನೂನಿನ ಲೆಕ್ಕದಿಂದ ಹೊರಗಾದವು.

ಗೋಣಿಯ ಜೊತೆ ಕೊಕ್ಕೆ ಬಂತು. ಹಮಾಲಿ ಕಬ್ಬಿಣದ ಕೊಕ್ಕೆ ಚುಚ್ಚಿ ಚೀಲ ಎಳೆಯುತ್ತಾನೆ, ತೂತಿನಿಂದ ಅಕ್ಕಿ ಸುರಿಯುತ್ತದೆ. ವ್ಯಾಪಾರಿ ಚೂಪು ಕೊಳವೆ ಚುಚ್ಚಿ ಮಾದರಿ ತೆಗೆಯುತ್ತಾನೆ, ಚೀಲದ ಬಾಯಿ ಬಿಚ್ಚಿ ಡಬ್ಬಣದಲ್ಲಿ ಮತ್ತೆ ಹೊಲಿದರೂ ಯಾರಿಗೂ ಗೊತ್ತಾಗದು. ಮುಡಿಯನ್ನು ಬಿಚ್ಚಿದರೆ ಮುಗಿಯಿತು, ಕಟ್ಟಿದವನೇ ಬಂದರೂ ಅದೇ ಹುಲ್ಲಿನಲ್ಲಿ ಮೊದಲಿನ ಹಾಗೆ ಕಟ್ಟಲಾರ. ದಾರಿಯಲ್ಲಿ ಯಾರೂ ಕೈ ಹಾಕಿಲ್ಲ ಎನ್ನುವುದಕ್ಕೆ ಬೇರೆ ಮೊಹರು ಬೇಡ. ಹಾಗೆಂದು ಉಪ್ಪಪ್ಪ ಗೋಣಿಯನ್ನು ಬೈದವರಲ್ಲ. ತಕ್ಕಡಿ ಬಂದದ್ದು ಒಳ್ಳೆಯದೇ ಆಯಿತು ಎನ್ನುತ್ತಿದ್ದರು. ಮುಡಿಯನ್ನು ಹೊಗಳಿ ಬರೆಯುವ ನಮ್ಮಂಥವರು ಇದನ್ನು ಮರೆಯಬಾರದು. ಕಟ್ಟುವ ಕೈ ಎಷ್ಟು ಪ್ರಾಮಾಣಿಕವಾದರೂ ಕಳಸೆ ಇನ್ನೊಬ್ಬರದಾಗಿತ್ತು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋದದ್ದರ ದುಃಖ ನಮಗೆ ಇನ್ನೂ ಇದೆ. ಆದರೆ ಗೇಣಿಯ ಒಕ್ಕಲುಗಳಿಗೆ ಆ ಗಡಿಯಿಂದ ಒಂದು ವ್ಯತ್ಯಾಸವೂ ಆಯಿತು. ಕೇರಳದಲ್ಲಿ 1970ರ ಜನವರಿ 1ಕ್ಕೆ ಗೇಣಿಪದ್ಧತಿ ಕೊನೆಯಾಯಿತು. ಗಡಿಯಾಚೆ ತಲಪಾಡಿಯ ನೆಂಟರು 1974ರ ಮಾರ್ಚ್ ತನಕ ಕಾಯಬೇಕಾಯಿತು. ನಾಲ್ಕು ವರ್ಷ ಅವರ ಮನೆಯಿಂದ ಗೇಣಿಯ ಅಕ್ಕಿ ಹೋಗುತ್ತಲೇ ಇತ್ತು, ನಮ್ಮದು ನಿಂತಿತ್ತು.

1971ರಲ್ಲಿ ನನಗೆ 9 ವರ್ಷ. ಆ ವರ್ಷದ ಕೊಯ್ಲಿಗೆ ಉಪ್ಪಪ್ಪ ಮೊದಲ ಸಲ ಸ್ವಂತಕ್ಕೆಂದು ಮುಡಿ ಕಟ್ಟಿದರು. ಅದುವರೆಗೆ ಸಾವಿರಾರು ಮುಡಿ ಕಟ್ಟಿದ ಮನುಷ್ಯ, ನಮ್ಮ ಅಟ್ಟದಲ್ಲಿ ಮಾತ್ರ ಒಂದೂ ಇರಲಿಲ್ಲ. ಉಮ್ಮಾಮ ಹಗ್ಗ ತಂದುಕೊಟ್ಟರು. ಅಭ್ಯಾಸಬಲದಿಂದ ಧಣಿಯ ಗೂಟದ ಸುರುಳಿಯನ್ನೇ ತಂದಿದ್ದರು. ಕಟ್ಟಿ ಮುಗಿದಾಗ ಎರಡು ಸುತ್ತು ಹಗ್ಗ ಉಳಿಯಿತು. ಉಪ್ಪಪ್ಪ ಅದನ್ನು ಕೈಯಲ್ಲಿ ಹಿಡಿದು ಉಮ್ಮಾಮನ ಕಡೆ ನೋಡಿ ನಕ್ಕರು. ಅವರಿಬ್ಬರೂ ಯಾಕೆ ನಕ್ಕರೆಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಮುಡಿ ನಮ್ಮಲ್ಲಿ ಹೆಚ್ಚು ಕಾಲ ಉಳಿಯಲಿಲ್ಲ. ಸರ್ಕಾರದವರು ಕೊಟ್ಟ ಐಆರ್ 8ರಂಥ ಹೊಸ ತಳಿಗಳ ಪೈರು ಗಿಡ್ಡ, ಮೊಣಕಾಲು ದಾಟದ ಹುಲ್ಲು. ಭತ್ತ ಹೆಚ್ಚು ಬಂತು, ಮುಡಿಗೆ ಬೇಕಾದ ಹುಲ್ಲು ಬರಲಿಲ್ಲ. ಉಳಿದಿದ್ದ ಒಂದು ಮುಡಿಯನ್ನು ಬಿಚ್ಚಿದ ದಿನ ಅಕ್ಕಿಗೆ ಹೊಗೆಯ ವಾಸನೆಯಿತ್ತು, ಒಂದು ಹುಳ ಇರಲಿಲ್ಲ. ಹುಲ್ಲನ್ನು ದನಕ್ಕೆ ಹಾಕಿದರು. ಕೊಡತಿಯನ್ನು ಉಮ್ಮ ಬಹಳ ಕಾಲ ತೆಂಗಿನಕಾಯಿಯ ಸಿಪ್ಪೆ ಬಡಿಯಲು ಇಟ್ಟುಕೊಂಡಿದ್ದರು.