ರಾಮಲಿಂಗದ ಕಾಡಿನಲ್ಲಿ

ಹೋದ ಶ್ರಾವಣದಲ್ಲಿ ಬ್ಯಾಂಕಿಗೆ ರಜೆಯಿದ್ದ ದಿನ ಮಗಳನ್ನು ಕರೆದುಕೊಂಡು ನಿಲಂಗಾದಿಂದ ಯೇಡಶಿಗೆ ಹೋಗಿದ್ದೆ. ಬಾಲಾಘಾಟ ಗುಡ್ಡಗಳ ನಡುವಿನ ರಾಮಲಿಂಗ ಘಾಟ್ 1997ರಲ್ಲಿ ಅಭಯಾರಣ್ಯವಾಯಿತು; ವಿಸ್ತಾರ ಸುಮಾರು 22 ಚದರ ಕಿಲೋಮೀಟರು ಮಾತ್ರ. ಕಾಲುದಾರಿ ಹಿಡಿದು ಕೊಳ್ಳಕ್ಕಿಳಿದರೆ ರಾಮಲಿಂಗನ ಗುಡಿ, ಮಳೆಗಾಲದ ಜಲಪಾತ, ಕೈಚೀಲಕ್ಕೇ ಕೈಹಾಕುವ ಮಂಗಗಳು. ಜಟಾಯು ರಾವಣನನ್ನು ತಡೆದದ್ದು ಇಲ್ಲಿಯೇ ಎಂದು ಜನರ ನಂಬಿಕೆ. ಕಾಡು ಇಷ್ಟಾದರೂ ಉಳಿದದ್ದು ಗುಡಿಯ ಮೇಲಿನ ಭಯಭಕ್ತಿಯಿಂದಲೇ ಇರಬೇಕು.

ಇಲ್ಲಿಗೆ ಸಮೀಪದ ತೇರ್ ಎಂಬ ಊರೇ ಪ್ರಾಚೀನ ತಗರ. ಕ್ರಿ.ಶ. ಮೊದಲ ಶತಮಾನದ ಗ್ರೀಕ್ ಬರಹವೊಂದರಲ್ಲಿ ಅದರ ಹೆಸರಿದೆ. ಕೊಲ್ಲಾಪುರದ ಕಡೆ ಆಳಿದ ಶಿಲಾಹಾರರೂ ತಮ್ಮನ್ನು ತಗರಪುರದ ಒಡೆಯರೆಂದೇ ಶಾಸನಗಳಲ್ಲಿ ಹೇಳಿಕೊಂಡರು. ಊರು ಬಿಟ್ಟರೂ ಹೆಸರು ಬಿಡಲಿಲ್ಲ.

ನಮ್ಮ ಕಥೆ ತಿರುಗುಮುರುಗು. ನಾವು ಊರು ಬಿಟ್ಟವರಲ್ಲ. 1956ರ ನವೆಂಬರ್ 1ರವರೆಗೆ ನಿಲಂಗಾ ಬೀದರ ಜಿಲ್ಲೆಯ ತಾಲೂಕು; ಅಂದು ಉದಗೀರ, ಅಹಮದಪುರಗಳೊಡನೆ ಮುಂಬಯಿ ರಾಜ್ಯಕ್ಕೆ ಹೋಯಿತು. ಉಸ್ಮಾನಾಬಾದ ಜಿಲ್ಲೆಯಲ್ಲಿದ್ದು, 1982ರಲ್ಲಿ ಲಾತೂರಿಗೆ ಸೇರಿತು. ಕಾಸರಗೋಡಿನ ಓದುಗರಿಗೆ ಆ ನವೆಂಬರಿನ ತಾರೀಖನ್ನು ನಾನು ವಿವರಿಸಬೇಕಾಗಿಲ್ಲ.

ದಾರಿಯಲ್ಲಿ ಮಗಳು ಮರವೊಂದನ್ನು ತೋರಿಸಿ, "ಪಳಸ" ಎಂದಳು.

"ನಿಮ್ಮಜ್ಜಿ ಇದಕ್ಕ ಮುತ್ತಲ ಅಂತಿದ್ದಳು. ಮದುವಿ ಊಟಕ್ಕ ಇದರ ಎಲಿ ತಂದು ಪತ್ರಾವಳಿ ಹಚ್ಚತಿದ್ದಳು."

"ಶಾಳೆದಾಗ ಪಳಸ ಅಂತಾರಪ್ಪಾ."

ಅಭಯಾರಣ್ಯದಿಂದ ಎಲೆ ಕಿತ್ತು ತರುವ ಹಾಗಿಲ್ಲ. ಮರಳುವಾಗ ಬಸ್ಸಿನಲ್ಲಿ ಅವಳು ನೋಟುಬುಕ್ಕು ತೆಗೆದು "ಮುತ್ತಲ" ಎಂದು ಬರೆದುಕೊಂಡಳು. ಮರಾಠಿ ಲಿಪಿಯಲ್ಲಿ.